ಮಾಧ್ಯಮಿಕ ಶಾಲೆಯ ಮಗುವಿಗೆ ಒಳ್ಳೆಯ ಓಟದ ಕೋಚ್ ಹುಡುಕುವುದು ಹೇಗೆ? ಪೋಷಕರಿಗೊಂದು ಸಮಗ್ರ ಮಾರ್ಗದರ್ಶಿ

ಹನ್ನೊಂದರಿಂದ ಹದಿನಾಲ್ಕರ ನಡುವಿನ ಮಗುವನ್ನು ಓಟದ ತರಬೇತಿಗೆ ಸೇರಿಸುವ ಮಾತು ಬಂದಾಗ ಹೆಚ್ಚಿನ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಯಾರ ಹತ್ತಿರ ಸೇರಿಸಿದರೆ ಬೇಗ ಪದಕ ಬರುತ್ತದೆ? ಪ್ರಶ್ನೆ ಸಹಜ, ಆದರೆ ಈ ವಯಸ್ಸಿನಲ್ಲಿ ಅದು ದಾರಿ ತಪ್ಪಿಸುತ್ತದೆ. ಹನ್ನೆರಡರ ಮಕ್ಕಳನ್ನು ಗೆಲ್ಲಿಸುವುದು ದೊಡ್ಡ ವಿದ್ಯೆಯೇನಲ್ಲ. ಬೇಗ ಮೈ ಬಲಿತ ನಾಲ್ಕು ಮಕ್ಕಳನ್ನು ಆರಿಸಿ, ವಾರಕ್ಕೆ ಆರು ದಿನ ಜೋರಾಗಿ ಓಡಿಸಿದರೆ ಆ ವರ್ಷದ ಮಟ್ಟಿಗೆ ಪದಕ ಬಂದೇ ಬರುತ್ತದೆ. ಅದೇ ಮಗು ಹದಿನೆಂಟಕ್ಕೂ ಓಡುತ್ತಿರಬೇಕು, ಆಗಲೂ ವೇಗ ಏರುತ್ತಲೇ ಇರಬೇಕು, ಓಟವೆಂದರೆ ಆಗಲೂ ಮುಖ ಅರಳಬೇಕು ಎಂದರೆ ಬೇರೆಯೇ ಬಗೆಯ ಕೋಚ್ ಬೇಕು. ಎಷ್ಟು ಓಡಿಸಬಾರದು ಎಂಬುದನ್ನು ಬಲ್ಲವರು ಬೇಕು. ಅಂಥವರನ್ನು ಗುರುತಿಸುವುದು ಹೇಗೆ ಎಂದು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಓಡಬೇಕು ಎಂದದ್ದು ಯಾರು?

ಕೋಚ್‌ ಹುಡುಕುವ ಮೊದಲು ಮಗುವಿನ ಜೊತೆ ಕೂತು ಮಾತಾಡಿ. "ನಿನಗೆ ಓಟ ಇಷ್ಟವಾ?" ಎಂದು ಕೇಳಿದರೆ "ಹೂಂ" ಎನ್ನುವ ಉತ್ತರ ಸಿಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಓಡುವಾಗ ಯಾವ ಭಾಗ ಹಿಡಿಸುತ್ತದೆ ಎಂದು ಕೇಳಿ. ಪೂರ್ತಿ ಬಿರುಸಿನಲ್ಲಿ ನುಗ್ಗುವುದೋ, ಗೆಳೆಯರ ಜೊತೆ ಮಾತಾಡುತ್ತ ದೂರ ಹೋಗುವುದೋ, ರಿಲೇಯಲ್ಲಿ ಬ್ಯಾಟನ್ ಹಿಡಿಯುವುದೋ? ಸ್ಪರ್ಧೆ ಇಷ್ಟವೋ, ಅಭ್ಯಾಸ ಮಾತ್ರ ಸಾಕೋ? ಶಾಲೆಯ ತಂಡಕ್ಕೆ ಆಯ್ಕೆಯಾಗುವ ಆಸೆಯೋ, ಆಡುವ ಇನ್ನೊಂದು ಆಟಕ್ಕೆ ದಮ್ಮು ಬೇಕೆಂಬ ಆಸೆಯೋ?

ಉತ್ತರಕ್ಕೆ ತಕ್ಕಂತೆ ಹುಡುಕಾಟವೂ ಬದಲಾಗುತ್ತದೆ. ಗೆಳೆಯರಿಗಾಗಿ ಓಡುವ ಮಗುವಿಗೆ ಒಬ್ಬರೇ ಕಲಿಸುವ ಖಾಸಗಿ ಕೋಚ್ ಶಿಕ್ಷೆಯಂತಾಗಬಹುದು. ಗುಂಪಿನಲ್ಲಿ ಮುದುಡುವ ಮಗುವಿಗೆ ಎಂಟು ಹತ್ತು ಮಕ್ಕಳ ಸಣ್ಣ ತಂಡ ಹಿತ. ಸದ್ಯಕ್ಕೆ ತರಬೇತಿಯೇ ಬೇಡ, ಸುಮ್ಮನೆ ಓಡಿಕೊಂಡಿರುತ್ತೇನೆ ಎಂದರೆ ಅದೂ ಪೂರ್ಣ ಉತ್ತರವೇ. ಈ ವಯಸ್ಸಿನಲ್ಲಿ ಒಂದೆರಡು ವರ್ಷ ತಡವಾಗಿ ಶುರು ಮಾಡಿದರೆ ಏನೂ ಕೈತಪ್ಪುವುದಿಲ್ಲ. ನ್ಯೂಜಿಲೆಂಡಿನ ಪೀಟರ್ ಸ್ನೆಲ್ ಹದಿಹರೆಯದಲ್ಲಿ ಟೆನಿಸ್ ಸೇರಿದಂತೆ ಹಲವು ಆಟ ಆಡಿಕೊಂಡಿದ್ದವರು. ಕೋಚ್ ಆರ್ಥರ್ ಲಿಡಿಯಾರ್ಡ್ ಅವರ ಬಳಿ ಓಟಕ್ಕೇ ನಿಂತದ್ದು 19ರ ಸುಮಾರಿಗೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಚಿನ್ನ ಗೆದ್ದರು, 1964ರ ಟೋಕಿಯೋದಲ್ಲಿ 800 ಮತ್ತು 1500 ಎರಡನ್ನೂ ಗೆದ್ದರು.

ಹೆಜ್ಜೆ 2: ಈ ವಯಸ್ಸಿನ ದೇಹವನ್ನು ನೀವೇ ಮೊದಲು ಅರಿತುಕೊಳ್ಳಿ

ಇದನ್ನು ತುಸು ವಿವರವಾಗಿಯೇ ಹೇಳುತ್ತೇನೆ. ಇದು ಗೊತ್ತಿಲ್ಲದಿದ್ದರೆ ಕೋಚ್‌ ಹೇಳುವುದು ಸರಿಯೋ ತಪ್ಪೋ ಎಂದು ಅಳೆಯಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಮಾಧ್ಯಮಿಕ ಶಾಲೆಯ ವರ್ಷಗಳಲ್ಲೇ ಮಕ್ಕಳು ದಿಢೀರನೆ ಎತ್ತರವಾಗುತ್ತಾರೆ. ಅತಿ ವೇಗದ ಬೆಳವಣಿಗೆ ಹೆಣ್ಣುಮಕ್ಕಳಲ್ಲಿ ಸರಾಸರಿ 12ರ ಆಸುಪಾಸಿನಲ್ಲಿ, ಗಂಡುಮಕ್ಕಳಲ್ಲಿ 14ರ ಆಸುಪಾಸಿನಲ್ಲಿ ಬರುತ್ತದೆ. ಆ ಹೊತ್ತಿನಲ್ಲಿ ಒಂದೇ ವರ್ಷಕ್ಕೆ 8ರಿಂದ 10 ಸೆಂಟಿಮೀಟರ್ ಬೆಳೆಯುವುದುಂಟು. ಆದರೆ ಇದು ಸರಾಸರಿ ಮಾತ್ರ. ಒಂದೇ ತರಗತಿಯ ಇಬ್ಬರು 13ರ ಹುಡುಗರಲ್ಲಿ ಒಬ್ಬನ ಮೈ 11ರದ್ದಿರಬಹುದು, ಇನ್ನೊಬ್ಬನದು 15ರದ್ದಿರಬಹುದು. ಇಬ್ಬರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ 400 ಮೀಟರ್ ಓಡಿಸಿದರೆ ಗೆಲ್ಲುವುದು ಪ್ರತಿಭೆಯಲ್ಲ, ಮುಂಚಿತವಾಗಿ ಬಂದ ಬೆಳವಣಿಗೆ. ಇದನ್ನು ಅರಿತ ಕೋಚ್ ಹಿಂದುಳಿದ ಹುಡುಗನನ್ನು ಕೈಬಿಡುವುದಿಲ್ಲ, ಮುಂದಿರುವವನನ್ನು ಹೊತ್ತು ಮೆರೆಸುವುದೂ ಇಲ್ಲ.

ಎಲುಬು ಉದ್ದವಾಗುವ ವೇಗಕ್ಕೆ ಸ್ನಾಯು, ಸ್ನಾಯುರಜ್ಜುಗಳು ತಕ್ಷಣ ಹೊಂದಿಕೊಳ್ಳುವುದಿಲ್ಲ. ಎಲುಬಿನ ತುದಿಗಳಲ್ಲಿ ಬೆಳವಣಿಗೆ ನಡೆಯುವ ಮೃದು ಭಾಗಗಳಿರುತ್ತವೆ. ಅವುಗಳ ಮೇಲೆ ಪದೇ ಪದೇ ಎಳೆತ ಬಿದ್ದಾಗ ನೋವು ಬರುತ್ತದೆ. ಮಂಡಿಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ಬಂದರೆ ಆಸ್ಗುಡ್-ಶ್ಲಾಟರ್, ಹಿಮ್ಮಡಿಯ ಹಿಂಬದಿಯಲ್ಲಿ ಬಂದರೆ ಸೀವರ್ ಎನ್ನುತ್ತಾರೆ. ಎರಡೂ ಓಡುವ ಮಕ್ಕಳಲ್ಲಿ ಸಾಮಾನ್ಯ, ಎರಡೂ ಬೆಳವಣಿಗೆ ಮುಗಿಯುತ್ತ ಬಂದಂತೆ ಹೆಚ್ಚಾಗಿ ತಾವಾಗಿ ಶಮನವಾಗುವಂಥವು. ಆದರೆ "ನೋವು ತಡ್ಕೊಂಡು ಓಡು" ಎಂದರೆ ಮಾತ್ರ ತಿಂಗಳುಗಟ್ಟಲೆ ಎಳೆಯುತ್ತವೆ. ಈ ಎರಡು ಹೆಸರುಗಳನ್ನು ಕೇಳಿಯೇ ಇರದ ಕೋಚ್ ಈ ವಯಸ್ಸಿನ ಮಕ್ಕಳೊಂದಿಗೆ ಹೆಚ್ಚು ಕೆಲಸ ಮಾಡಿಲ್ಲ ಎಂದೇ ಅರ್ಥ.

ಇದೇ ಹೊತ್ತಿನಲ್ಲಿ ಕೆಲವು ಮಕ್ಕಳ ಓಟ ಸ್ವಲ್ಪ ಕಾಲ ಒಡ್ಡೊಡ್ಡಾಗುತ್ತದೆ. ಕೈಕಾಲು ಉದ್ದವಾಗಿರುತ್ತವೆ, ಅವುಗಳ ಮೇಲಿನ ಹಿಡಿತ ಇನ್ನೂ ಹಳೆಯ ಅಳತೆಯದೇ ಆಗಿರುತ್ತದೆ. ಹೆಣ್ಣುಮಕ್ಕಳಲ್ಲಿ ಮೈ ತುಂಬಿಕೊಳ್ಳುವಾಗ ಓಟದ ಸಮಯ ಒಂದೆರಡು ವರ್ಷ ನಿಂತಲ್ಲೇ ನಿಲ್ಲಬಹುದು, ತುಸು ಹಿಂದೆಯೂ ಸರಿಯಬಹುದು. ಇದನ್ನು ಸೋಮಾರಿತನವೆಂದು ಬಗೆದು ಅಭ್ಯಾಸ ಹೆಚ್ಚಿಸುವ ಕೋಚ್‌ಗಳಿಂದಾಗಿಯೇ ಎಷ್ಟೋ ಹುಡುಗಿಯರು ಹದಿನೈದರೊಳಗೆ ಓಟ ಬಿಡುತ್ತಾರೆ. ತಾಳ್ಮೆಯಿಂದ ಆ ಕಾಲ ದಾಟಿಸಿದವರಿಗೆ ಓಟ ಮತ್ತೆ ಒಲಿಯುತ್ತದೆ.

ಹೆಜ್ಜೆ 3: ಒಮ್ಮೆ ವೈದ್ಯರಿಗೆ ತೋರಿಸಿ

ತರಬೇತಿ ಶುರುವಾಗುವ ಮುನ್ನ ಒಂದು ಸಾಮಾನ್ಯ ತಪಾಸಣೆ ಸಾಕು. ಆದರೆ ಓಡುವಾಗ ಎದೆನೋವು ಬಂದಿದ್ದರೆ, ತಲೆಸುತ್ತಿ ಬಿದ್ದಿದ್ದರೆ, ಎದೆ ಅಸಹಜವಾಗಿ ಹೊಡೆದುಕೊಂಡಿದ್ದರೆ ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಹೃದಯದ ಪರೀಕ್ಷೆ ಮುಗಿಯುವವರೆಗೆ ಮಗು ಟ್ರ್ಯಾಕಿಗೆ ಇಳಿಯುವುದು ಬೇಡ. ಓಟದ ನಂತರ ಕೆಮ್ಮು, ಉಬ್ಬಸ ಬರುವ ಮಗುವಿಗೆ ಅಸ್ತಮಾ ಇರಬಹುದು. ಸರಿಯಾದ ಇನ್‌ಹೇಲರ್ ಇದ್ದರೆ ಓಟಕ್ಕೆ ಅದು ಅಡ್ಡಿಯಲ್ಲ, ಆದರೆ ಕೋಚ್‌ಗೆ ಗೊತ್ತಿರಬೇಕು.

ಹೆಜ್ಜೆ 4: ಹುಡುಕುವುದೆಲ್ಲಿ

ಮೊದಲು ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರ ಹತ್ತಿರ ಹೋಗಿ. ಮಗು ಓಡುವುದನ್ನು ಅವರು ಕಂಡಿರುತ್ತಾರೆ, ಸುತ್ತಮುತ್ತಲ ಕೋಚ್‌ಗಳ ಗುಣವೂ ಅವರಿಗೆ ಗೊತ್ತಿರುತ್ತದೆ. ಕೆಲವೊಮ್ಮೆ ಅವರೇ ನಿಮಗೆ ಬೇಕಾದ ಕೋಚ್ ಆಗಿರುತ್ತಾರೆ. ನಂತರ ಅಥ್ಲೆಟಿಕ್ಸ್ ಕ್ಲಬ್‌ಗಳು. ನೋಂದಾಯಿತ ಕ್ಲಬ್‌ಗಳ ಪಟ್ಟಿ ನಿಮ್ಮ ಭಾಗದ ಅಥ್ಲೆಟಿಕ್ಸ್ ಸಂಘದ ಬಳಿ ಸಿಗಬಹುದು. ಮೂರನೆಯ ದಾರಿಯೇ ನನಗೆ ಹೆಚ್ಚು ಇಷ್ಟ: ಮಕ್ಕಳ ಕ್ರೀಡಾಕೂಟವೊಂದಕ್ಕೆ ಹೋಗಿ, ಪದಕದ ಪಟ್ಟಿಯನ್ನು ಬಿಟ್ಟು ತಂಡಗಳನ್ನು ನೋಡಿ. ಕೊನೆಯಲ್ಲಿ ಬಂದ ಮಗುವಿನ ಬಳಿ ಯಾವ ಕೋಚ್ ಹೋಗಿ ನಿಂತರು? ಓಟ ಮುಗಿಸಿದ ಮಕ್ಕಳು ತಮ್ಮ ಕೋಚ್‌ ಕಡೆ ಓಡಿ ಬರುತ್ತಾರೋ, ಕಣ್ಣು ತಪ್ಪಿಸಿಕೊಂಡು ಬೇರೆ ಕಡೆ ಸರಿಯುತ್ತಾರೋ? ಅರ್ಧ ದಿನದಲ್ಲಿ ಇಷ್ಟು ತಿಳಿಯುತ್ತದೆ, ಯಾವ ಜಾಹೀರಾತೂ ಇದನ್ನು ಹೇಳುವುದಿಲ್ಲ.

ಪರಿಚಯದ ಹದಿನಾರು ಹದಿನೇಳರ ಓಟಗಾರರಿದ್ದರೆ ಅವರನ್ನೂ ವಿಚಾರಿಸಿ. ಆ ಕೋಚ್‌ ಬಳಿ ನಿಮ್ಮ ಜೊತೆ ಶುರು ಮಾಡಿದವರಲ್ಲಿ ಈಗ ಎಷ್ಟು ಜನ ಓಡುತ್ತಿದ್ದಾರೆ ಎಂದು ಕೇಳಿ. ಹತ್ತು ಜನರಲ್ಲಿ ಒಬ್ಬ ರಾಷ್ಟ್ರಮಟ್ಟಕ್ಕೆ ಹೋಗಿ ಒಂಬತ್ತು ಜನ ನೋವು ಕಟ್ಟಿಕೊಂಡು ಮನೆ ಸೇರಿದ್ದರೆ, ಆ ಒಂಬತ್ತು ಜನರ ಕಥೆಯೇ ಆ ಕೋಚ್‌ನ ನಿಜವಾದ ಪರಿಚಯಪತ್ರ.

ಮೊಬೈಲಿನಲ್ಲಿ ಪ್ಲ್ಯಾನ್ ಕಳಿಸುವ ಆನ್‌ಲೈನ್ ತರಬೇತಿಯನ್ನು ಈ ವಯಸ್ಸಿಗೆ ನಾನು ಒಪ್ಪುವುದಿಲ್ಲ. ಮಗು ಕುಂಟುತ್ತಿದೆಯೋ, ಬೇಸತ್ತಿದೆಯೋ, ರಾತ್ರಿ ನಿದ್ದೆಗೆಟ್ಟು ಬಂದಿದೆಯೋ ಎಂದು ಎದುರು ನಿಂತ ಮನುಷ್ಯನಿಗೆ ಕಾಣಬೇಕು. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ, ಮಗು ಓಡುವಾಗ ಪೋಷಕರೊಬ್ಬರು ಮೈದಾನದಲ್ಲಿದ್ದು, ದೂರದ ಕೋಚ್ ವಾರಕ್ಕೊಮ್ಮೆ ಅವರೊಂದಿಗೆ ಮಾತಾಡುವ ವ್ಯವಸ್ಥೆಯಾದರೂ ಇರಲಿ.

ಹೆಜ್ಜೆ 5: ಸರ್ಟಿಫಿಕೇಟ್ ನೋಡಿ, ಅಲ್ಲಿಗೇ ನಿಲ್ಲಬೇಡಿ

ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಕೋಚ್‌ಗಳಿಗೆ ಹಂತ ಹಂತದ ತರಬೇತಿ, ಪ್ರಮಾಣಪತ್ರ ಕೊಡುತ್ತದೆ. ಹಲವು ದೇಶಗಳ ಒಕ್ಕೂಟಗಳಿಗೂ ತಮ್ಮದೇ ಕೋರ್ಸ್‌ಗಳಿವೆ. ಯಾವ ಕೋರ್ಸ್, ಯಾವ ವರ್ಷ, ಮಕ್ಕಳ ತರಬೇತಿಯ ಭಾಗ ಅದರಲ್ಲಿತ್ತೇ ಎಂದು ಕೇಳಿ. ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡುವ ತುರ್ತು ಉಪಚಾರ) ಕಲಿತಿರುವುದು ಕಡ್ಡಾಯ ಎಂದೇ ನನ್ನ ನಿಲುವು.

ಹಿಂದೆ ದೊಡ್ಡ ಓಟಗಾರರಾಗಿದ್ದವರು ಒಳ್ಳೆಯ ಕೋಚ್ ಆಗಿರಲೇಬೇಕೆಂದಿಲ್ಲ. ಐರ್ಲೆಂಡಿನ ಬ್ರದರ್ ಕಾಲ್ಮ್ ಓ'ಕಾನೆಲ್ 1976ರಲ್ಲಿ ಕೀನ್ಯಾದ ಇಟೆನ್ ಊರಿನ ಸೇಂಟ್ ಪ್ಯಾಟ್ರಿಕ್ಸ್ ಶಾಲೆಗೆ ಬಂದದ್ದು ಭೂಗೋಳ ಪಾಠ ಮಾಡಲು. ಅಥ್ಲೆಟಿಕ್ಸ್‌ನ ಹಿನ್ನೆಲೆಯೇ ಅವರಿಗಿರಲಿಲ್ಲ. ಮಕ್ಕಳು ಓಡುವುದನ್ನು ನೋಡುತ್ತ, ಅವರಿಂದಲೇ ಕಲಿಯುತ್ತ ಕೋಚ್ ಆದರು. ಅವರ ಗರಡಿಯಲ್ಲಿ ಬೆಳೆದ ಡೇವಿಡ್ ರುಡಿಶಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದರು. ರುಡಿಶಾ ಮೊದಲು ಓಡುತ್ತಿದ್ದದ್ದು 400 ಮೀಟರ್. ಮಗುವಿನ ದೂರ ಯಾವುದೆಂದು ಕಾದು, ನೋಡಿ ನಿರ್ಧರಿಸುವುದೂ ಕೋಚ್‌ನ ಕೆಲಸವೇ. ಹನ್ನೆರಡಕ್ಕೇ "ನೀನು ಲಾಂಗ್ ಡಿಸ್ಟೆನ್ಸ್" ಎಂದು ಹಣೆಪಟ್ಟಿ ಕಟ್ಟುವವರ ಬಗ್ಗೆ ಎಚ್ಚರವಿರಲಿ.

ಹೆಜ್ಜೆ 6: ಮೈದಾನದ ಅಂಚಿನಲ್ಲಿ ನಿಂತು ಒಂದು ಅಭ್ಯಾಸ ಪೂರ್ತಿ ನೋಡಿ

ಇಡೀ ಹುಡುಕಾಟದಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇಲ್ಲ. ಹಣ ಕಟ್ಟುವ ಮೊದಲು, ಸಾಧ್ಯವಾದರೆ ಮಗುವನ್ನು ಮನೆಯಲ್ಲೇ ಬಿಟ್ಟು, ಆರಂಭದಿಂದ ಕೊನೆಯವರೆಗೆ ಒಂದು ಅಭ್ಯಾಸ ನೋಡಿ. "ಪೋಷಕರಿಗೆ ಪ್ರವೇಶವಿಲ್ಲ" ಎಂದರೆ ಅಲ್ಲಿಂದಲೇ ಹಿಂದಿರುಗಿ.

ಮೊದಲ ಹದಿನೈದು ನಿಮಿಷ ಗಮನಿಸಿ. ನಿಧಾನ ಜಾಗಿಂಗ್ ಅಥವಾ ಆಟದಿಂದ ಮೈ ಬಿಸಿಯಾಗಿ, ನಂತರ ಚಲನೆಯಲ್ಲೇ ಕೀಲು ಸಡಿಲಿಸುವ ವ್ಯಾಯಾಮ, ಆಮೇಲೆ ಓಟದ ಡ್ರಿಲ್‌ಗಳು ಬರಬೇಕು: ಮಂಡಿ ಎತ್ತಿ ಓಡುವುದು, ಸ್ಕಿಪ್ಪಿಂಗ್ ಹೆಜ್ಜೆ, ಪಾದ ಬೇಗ ಬೇಗ ಊರುವುದು. ಡ್ರಿಲ್ ಮಾಡಿಸುವಾಗ ಕೋಚ್ ಮಕ್ಕಳನ್ನು ನೋಡುತ್ತಿದ್ದಾರೆಯೇ, ಮೊಬೈಲ್ ನೋಡುತ್ತಿದ್ದಾರೆಯೇ? ತಿದ್ದುವಾಗ ಒಂದು ಸಲಕ್ಕೆ ಒಂದೇ ಮಾತು ಹೇಳುತ್ತಾರೆಯೇ? "ಭುಜ ಸಡಿಲ ಬಿಡು" ಎಂದರೆ ಮಗುವಿಗೆ ಅರ್ಥವಾಗುತ್ತದೆ. ಭುಜ, ಮೊಣಕೈ, ಮಂಡಿ, ಹಿಮ್ಮಡಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ತಿದ್ದಹೊರಟರೆ ಮಗು ಗಟ್ಟಿಯಾಗಿ ಸೆಟೆದು ಓಡುತ್ತದೆ.

ನಂತರ ಮುಖ್ಯ ಅಭ್ಯಾಸ. ಅದು ವೇಗದ ಅಭ್ಯಾಸವಾಗಿದ್ದರೆ ವಿಶ್ರಾಂತಿಯನ್ನು ಅಳೆಯಿರಿ. ಪೂರ್ಣ ವೇಗದ 30 ಮೀಟರ್ ಓಟಕ್ಕೆ ಎರಡು ಮೂರು ನಿಮಿಷ ಬಿಡುವು ಬೇಕು. ಇಪ್ಪತ್ತು ಸೆಕೆಂಡ್ ಬಿಟ್ಟು ಮತ್ತೆ ಓಡಿಸಿದರೆ ಮಗು ಕಲಿಯುವುದು ವೇಗವನ್ನಲ್ಲ, ದಣಿದು ಕೆಟ್ಟದಾಗಿ ಓಡುವುದನ್ನು. ದೂರದ ಓಟವಾಗಿದ್ದರೆ ಮಕ್ಕಳು ಓಡುತ್ತಲೇ ಪೂರ್ಣ ವಾಕ್ಯದಲ್ಲಿ ಮಾತಾಡಬಲ್ಲಷ್ಟು ನಿರಾಳವಾಗಿರಬೇಕು. ಎಲ್ಲ ದಿನವೂ ಎಲ್ಲರೂ ಏದುಸಿರು ಬಿಡುತ್ತಿದ್ದರೆ ಆ ತರಬೇತಿಯಲ್ಲಿ ಯೋಜನೆಯಿಲ್ಲ. ವಾಂತಿ ಮಾಡಿಕೊಳ್ಳುವ ಮಗುವನ್ನು ತೋರಿಸಿ "ಹೀಗಿರಬೇಕು ಛಲ" ಎನ್ನುವ ಜಾಗದಲ್ಲಿ ಒಂದು ನಿಮಿಷವೂ ನಿಲ್ಲಬೇಡಿ.

ಕೊನೆಯವನನ್ನು ನೋಡಿ. ಪ್ರತಿ ತಂಡದಲ್ಲೂ ಒಬ್ಬ ನಿಧಾನದ ಹುಡುಗ, ಒಬ್ಬಳು ಹೊಸ ಹುಡುಗಿ ಇರುತ್ತಾರೆ. ಅವರಿಗೆ ಸುತ್ತು ಕಡಿಮೆ ಮಾಡಿದರೇ? ಅವರ ಹೆಸರು ಕೋಚ್‌ಗೆ ಗೊತ್ತೇ? ಒಳ್ಳೆಯ ಕೋಚ್‌ ಹತ್ತಿರ ಒಂದೇ ಅಭ್ಯಾಸ ಮೂರು ಮಟ್ಟದಲ್ಲಿ ನಡೆಯುತ್ತಿರುತ್ತದೆ: ಒಬ್ಬರಿಗೆ 200 ಮೀಟರ್ ಆರು ಸಲ, ಇನ್ನೊಬ್ಬರಿಗೆ ನಾಲ್ಕು ಸಲ, ಮಂಡಿ ನೋಯುವವರಿಗೆ ಓಟವೇ ಇಲ್ಲ, ಬದಲಿಗೆ ಸೊಂಟ ಹೊಟ್ಟೆಯ ಬಲದ ವ್ಯಾಯಾಮ. ನಿಮ್ಮ ಮಗು ಎಷ್ಟೇ ಚುರುಕಾಗಿದ್ದರೂ ಎಂದಾದರೊಂದು ದಿನ ಗಾಯಗೊಂಡು, ಸೋತು, ಬೆಳವಣಿಗೆಯಲ್ಲಿ ಸಿಕ್ಕಿ ಹಿಂದೆ ಬೀಳುತ್ತದೆ. ಆ ದಿನ ಅದಕ್ಕೆ ಸಿಗುವ ಉಪಚಾರ ಈ ಕೊನೆಯವನಿಗೆ ಈಗ ಸಿಗುತ್ತಿರುವ ಉಪಚಾರವೇ.

ಧ್ವನಿ ಜೋರಾಗಿರುವುದು ತಪ್ಪಲ್ಲ, ಮೈದಾನ ದೊಡ್ಡದು. ಬೈಗುಳ, ಹೋಲಿಕೆ, ತಪ್ಪಿಗೆ ಶಿಕ್ಷೆಯಾಗಿ ಓಟ ಇವು ಮಾತ್ರ ತಪ್ಪು. ಓಟವನ್ನೇ ಕಲಿಸಬೇಕಾದವರು ಅದನ್ನೇ ಶಿಕ್ಷೆ ಮಾಡಿದರೆ ಮಗುವಿಗೆ ಓಟದ ಮೇಲೆ ಪ್ರೀತಿ ಹುಟ್ಟುವುದೆಲ್ಲಿಂದ?

ಹೆಜ್ಜೆ 7: ಕೋಚ್‌ ಜೊತೆ ಇಪ್ಪತ್ತು ನಿಮಿಷ

ಅಭ್ಯಾಸ ಮುಗಿದ ಮೇಲೆ ಬಿಡುವು ಕೇಳಿಕೊಂಡು ಮಾತಾಡಿ. ಪರೀಕ್ಷೆ ನಡೆಸುವ ಧಾಟಿ ಬೇಡ, ತಿಳಿದುಕೊಳ್ಳುವ ಧಾಟಿ ಇರಲಿ. ನಾನು ಕೇಳುವ ಮೊದಲ ಪ್ರಶ್ನೆ: "ನನ್ನ ಮಗುವಿಗೆ ಹದಿನೆಂಟಾದಾಗ ಏನಾಗಿರಬೇಕು ಅಂತ ನಿಮ್ಮ ಆಸೆ?" ಮುಂದಿನ ತಿಂಗಳ ಕೂಟದ ಮಾತನ್ನೇ ಆಡಿದರೆ ಉತ್ತರ ಸಿಕ್ಕಿತು ಎಂದುಕೊಳ್ಳಿ.

ಎರಡನೆಯದು ವಾರದ ಲೆಕ್ಕ. ಈ ವಯಸ್ಸಿಗೆ ವಾರಕ್ಕೆ ಮೂರು ನಾಲ್ಕು ಅಭ್ಯಾಸ, ಒಂದೊಂದು ಒಂದು ಗಂಟೆ ಅಥವಾ ಸ್ವಲ್ಪ ಹೆಚ್ಚು, ಸಾಕು. ಕ್ರೀಡಾವೈದ್ಯರು ಹೇಳುವ ಸುಲಭದ ಅಳತೆಯೊಂದಿದೆ: ಎಲ್ಲ ಆಟಗಳ ತರಬೇತಿಯೂ ಸೇರಿ ವಾರದ ಗಂಟೆಗಳು ಮಗುವಿನ ವಯಸ್ಸನ್ನು ಮೀರಬಾರದು. 12ರ ಮಗುವಿಗೆ 12 ಗಂಟೆ ಮೇಲ್ಮಿತಿ, ಗುರಿಯಲ್ಲ. ವಾರಕ್ಕೆ ಕನಿಷ್ಠ ಒಂದು ದಿನ ಪೂರ್ತಿ ಬಿಡುವು, ವರ್ಷದಲ್ಲಿ ಬಿಡಿ ಬಿಡಿಯಾಗಿ ಒಟ್ಟು ಎರಡು ಮೂರು ತಿಂಗಳು ಆ ಆಟದಿಂದ ದೂರ ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. "ವರ್ಷದಲ್ಲಿ ಯಾವಾಗ ರಜೆ ಕೊಡ್ತೀರಿ?" ಎಂದು ಕೇಳಿ. ರಜೆಯ ಮಾತಿಗೇ ಹುಬ್ಬೇರಿಸಿದರೆ ಮುಂದೆ ಯೋಚಿಸಬೇಕು.

ಇನ್ನೊಂದು ಆಟ ಆಡುತ್ತಿರುವ ಮಗುವಾದರೆ ಅದನ್ನು ಬಿಡಿಸುತ್ತೀರಾ ಎಂದು ಕೇಳಿ. ಬಿಡಿಸಬೇಕಿಲ್ಲ ಎಂಬುದೇ ಸರಿಯಾದ ಉತ್ತರ. ಈಜು, ಚೆಂಡಾಟ, ನೃತ್ಯ ಎಲ್ಲವೂ ಕಾಲಿಗೆ ಬೇರೆ ಬೇರೆ ಬಗೆಯ ಬಲ, ಹೊಂದಾಣಿಕೆ ಕೊಡುತ್ತವೆ. ಮಗು ನೋವು ಎಂದಾಗ ಏನು ಮಾಡುತ್ತೀರಿ, ಕೂಟಗಳನ್ನು ಹೇಗೆ ಆರಿಸುತ್ತೀರಿ, ಒಂದು ಗುಂಪಿನಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಕೋಚ್‌ಗಳು, ಬಲದ ವ್ಯಾಯಾಮ ಮಾಡಿಸುತ್ತೀರಾ ಎಂಬುದನ್ನೂ ಕೇಳಿ. ಬಲದ ವ್ಯಾಯಾಮದಿಂದ ಮಕ್ಕಳ ಎತ್ತರ ಕುಂಠಿತವಾಗುತ್ತದೆ ಎಂಬುದು ಹಳೆಯ ತಪ್ಪು ನಂಬಿಕೆ. ಬಲ್ಲವರ ಕಣ್ಣೆದುರು, ಸರಿಯಾದ ಭಂಗಿಯಲ್ಲಿ, ಮೈಭಾರದಿಂದ ಶುರು ಮಾಡಿದರೆ ಅದು ಗಾಯವನ್ನು ತಡೆಯುತ್ತದೆ.

ಬಿಸಿಲಿನ ಬಗ್ಗೆ ಕೇಳಲು ಮರೆಯಬೇಡಿ. ಸೆಕೆಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನವಾದರೂ ಬೇಕು. ಸೆಕೆಗಾಲದ ಆರಂಭದಲ್ಲಿ ಅಭ್ಯಾಸ ಕಡಿಮೆ ಮಾಡುತ್ತಾರೆಯೇ? ಬಯಸಿದಾಗ ನೀರು ಕುಡಿಯಲು ಬಿಡುತ್ತಾರೆಯೇ? ಓಡುತ್ತಿದ್ದ ಮಗು ಗೊಂದಲದಲ್ಲಿ ಮಾತಾಡಿ ಕುಸಿದರೆ ಏನು ಮಾಡುತ್ತೀರಿ ಎಂದರೆ "ಆಂಬ್ಯುಲೆನ್ಸ್ ಕರೆದು, ಅದು ಬರುವವರೆಗೆ ಕಾಯದೆ ತಕ್ಷಣ ತಣ್ಣೀರಿನಲ್ಲಿ ಮೈ ತಂಪು ಮಾಡ್ತೀವಿ" ಎಂಬ ಉತ್ತರ ಬರಬೇಕು.

ಹೆಜ್ಜೆ 8: ವಾರದ ಯೋಜನೆ ಹೇಗಿದ್ದರೆ ಚೆನ್ನ

ಬರೆದ ಯೋಜನೆ ತೋರಿಸಲು ಹೇಳಿ. ಓಟದಲ್ಲಿ ಒಂದು ವರ್ಷ ಕಳೆದ 12ರ ಮಗುವಿಗೆ ನಾನು ಸಂತೋಷದಿಂದ ಒಪ್ಪುವ ವಾರ ಹೀಗಿರುತ್ತದೆ. ಒಂದು ದಿನ ವೇಗ: ಡ್ರಿಲ್‌ಗಳು, 20ರಿಂದ 40 ಮೀಟರಿನ ಕೆಲವು ಓಟ, ನಡುವೆ ಧಾರಾಳ ಬಿಡುವು, ಕೊನೆಗೆ ರಿಲೇ ಆಟ. ಇನ್ನೊಂದು ದಿನ 20ರಿಂದ 30 ನಿಮಿಷದ ನಿರಾಳ ಓಟ, ಸಾಧ್ಯವಾದರೆ ಹುಲ್ಲು ಅಥವಾ ಮಣ್ಣಿನ ಮೇಲೆ. ಅದರ ಕೊನೆಯಲ್ಲಿ 60ರಿಂದ 80 ಮೀಟರಿನ ನಾಲ್ಕೈದು ಸ್ಟ್ರೈಡ್, ಎಂದರೆ ವೇಗವಾಗಿ ಆದರೆ ಮೈ ಬಿಗಿಯದೆ ಓಡಿ, ನಡೆದು ಹಿಂದಿರುಗುವುದು. ಮೂರನೆಯ ದಿನ ಬಗೆಬಗೆಯ ಕೆಲಸ: ಜಿಗಿತ, ಎಸೆತ, ತಗ್ಗು ಹರ್ಡಲ್, ದಿಣ್ಣೆ ಏರುವ ಸಣ್ಣ ಓಟ, ಬಲದ ವ್ಯಾಯಾಮ. ಉಳಿದ ದಿನಗಳು ಬೇರೆ ಆಟಕ್ಕೆ, ಸೈಕಲ್ಲಿಗೆ, ಏನೂ ಮಾಡದಿರುವುದಕ್ಕೆ.

ಎಷ್ಟು ಕಿಲೋಮೀಟರ್ ಎಂಬ ಲೆಕ್ಕವೇ ಯೋಜನೆಯ ತಲೆಬರಹವಾಗಿದ್ದರೆ ನನಗೆ ಅನುಮಾನ. ವಾರದಿಂದ ವಾರಕ್ಕೆ ಏರಿಕೆ ನಿಧಾನವಾಗಿರಬೇಕು, ಮಗು ಎತ್ತರವಾಗುತ್ತಿರುವ ತಿಂಗಳುಗಳಲ್ಲಿ ಇಳಿಕೆಯೂ ಇರಬೇಕು. ಕೆಲವು ಕೋಚ್‌ಗಳು ಎರಡು ಮೂರು ತಿಂಗಳಿಗೊಮ್ಮೆ ಮಕ್ಕಳ ಎತ್ತರ ಅಳೆದು ಬರೆದಿಡುತ್ತಾರೆ. ಅಂಥವರು ಸಿಕ್ಕರೆ ಬಿಡಬೇಡಿ.

ಶೂ ಬಗ್ಗೆ ಎರಡೇ ಮಾತು. ತುದಿಯಲ್ಲಿ ಹೆಬ್ಬೆರಳಿನ ಅಗಲದಷ್ಟು ಜಾಗವಿರುವ, ಹಿತವೆನಿಸುವ ಸಾಮಾನ್ಯ ಓಟದ ಶೂ ಸಾಕು. ಅಡಿಯಲ್ಲಿ ಮೊಳೆಗಳಿರುವ ಸ್ಪೈಕ್ಸ್ ಶೂ, ಜಿಪಿಎಸ್ ವಾಚು ಎಂದು ಮೊದಲ ವಾರವೇ ಖರೀದಿಗೆ ಹೊರಡುವುದು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ.

ಹೆಜ್ಜೆ 9: ಸುರಕ್ಷತೆಯಲ್ಲಿ ರಾಜಿ ಬೇಡ

ಹೇಳಲು ಮುಜುಗರವಾದರೂ ಹೇಳಲೇಬೇಕು. ಕೋಚ್ ಮತ್ತು ಮಗುವಿನ ಭೇಟಿ ಯಾವಾಗಲೂ ಬೇರೆಯವರ ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು, ಬೇರೆಯವರು ನಡುವೆ ಬರಬಹುದಾದಂತಿರಬೇಕು. ಮಗುವಿಗೆ ನೇರವಾಗಿ ಖಾಸಗಿ ಮೆಸೇಜ್ ಕಳಿಸುವುದಿಲ್ಲ, ಕಳಿಸಿದರೆ ಪೋಷಕರೂ ಅದರಲ್ಲಿರುತ್ತಾರೆ. ಕೋಚ್‌ ಕಾರಿನಲ್ಲಿ ಮಗು ಒಂಟಿಯಾಗಿ ಹೋಗುವುದಿಲ್ಲ. ಬೇರೆ ಊರಿನ ಕೂಟಕ್ಕೆ ಹೋದಾಗ ಕೋಣೆ ಹಂಚಿಕೊಳ್ಳುವುದಿಲ್ಲ. ಮಸಾಜ್ ಕೋಚ್‌ನ ಕೆಲಸವಲ್ಲ. ಭಂಗಿ ತಿದ್ದಲು ಮೈ ಮುಟ್ಟಬೇಕಾದರೆ ಕೇಳಿ, ಎಲ್ಲರೆದುರು ಮುಟ್ಟಬೇಕು.

ಹಿನ್ನೆಲೆ ಪರಿಶೀಲನೆ ಆಗಿದೆಯೇ, ದೂರು ಕೊಡಬೇಕಾದರೆ ಯಾರ ಬಳಿ ಹೋಗಬೇಕು ಎಂದು ಕ್ಲಬ್ಬನ್ನು ಕೇಳಿ. ಒಳ್ಳೆಯ ಕೋಚ್‌ಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ, ಇಂಥ ನಿಯಮಗಳು ಅವರನ್ನೂ ಕಾಯುತ್ತವೆ. "ನನ್ನನ್ನೇ ಅನುಮಾನಿಸುತ್ತೀರಾ" ಎಂದು ಸಿಡಿದರೆ ಅವರ ಸಾಧನೆ ಎಷ್ಟೇ ದೊಡ್ಡದಿರಲಿ, ಬೇರೆಯವರನ್ನು ನೋಡಿ. ಮಗುವಿಗೂ ಈ ನಿಯಮಗಳನ್ನು ಬಿಡಿಸಿ ಹೇಳಿ. ಯಾರಾದರೂ "ಇದನ್ನು ಮನೆಯಲ್ಲಿ ಹೇಳಬೇಡ" ಎಂದರೆ ಅದನ್ನೇ ಮೊದಲು ಮನೆಯಲ್ಲಿ ಹೇಳಬೇಕೆಂದು ಅದಕ್ಕೆ ಗೊತ್ತಿರಲಿ.

ಹೆಜ್ಜೆ 10: ತೂಕದ ಮಾತು ಬಂದರೆ ಎಚ್ಚೆತ್ತುಕೊಳ್ಳಿ

ಅಮೆರಿಕದ ಮೇರಿ ಕೇನ್ 2013ರಲ್ಲಿ, 17ನೇ ವಯಸ್ಸಿಗೇ, ವಿಶ್ವ ಚಾಂಪಿಯನ್‌ಶಿಪ್‌ನ 1500 ಮೀಟರ್ ಫೈನಲ್ ತಲುಪಿದ್ದರು. 2019ರಲ್ಲಿ ಅವರು ತಮ್ಮ ಕಥೆಯನ್ನು ಬಹಿರಂಗವಾಗಿ ಹೇಳಿಕೊಂಡರು: ದೊಡ್ಡ ವೃತ್ತಿಪರ ತಂಡ ಸೇರಿದ ಮೇಲೆ ತೂಕ ಇಳಿಸುವಂತೆ ಎಡೆಬಿಡದ ಒತ್ತಡ, ಮೂರು ವರ್ಷ ನಿಂತುಹೋದ ಮುಟ್ಟು, ಮುರಿದ ಐದು ಎಲುಬುಗಳು. ಓಡಲು ಬೇಕಾದಷ್ಟು ಆಹಾರ ಮೈಗೆ ಸಿಗದಿದ್ದರೆ ಹಾರ್ಮೋನು, ಎಲುಬು, ರೋಗನಿರೋಧಕ ಶಕ್ತಿ ಎಲ್ಲವೂ ಕುಸಿಯುತ್ತವೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಎಂಬ ಹೆಸರು ಕೊಟ್ಟಿತು. ಇದು ಹುಡುಗರಿಗೂ ಬರುತ್ತದೆ.

ಆದ್ದರಿಂದ ಮಾಧ್ಯಮಿಕ ಶಾಲೆಯ ಮಗುವಿನ ತೂಕದ ಬಗ್ಗೆ ಕೋಚ್ ಒಂದೇ ಒಂದು ಮಾತಾಡುವುದೂ ನನಗೆ ಒಪ್ಪಿಗೆಯಿಲ್ಲ. ಎಲ್ಲರೆದುರು ತೂಕ ನೋಡುವುದು, "ಸ್ವಲ್ಪ ಇಳಿಸು, ಸಮಯ ಸುಧಾರಿಸುತ್ತೆ" ಎನ್ನುವುದು, ಪ್ರೋಟೀನ್ ಪುಡಿ, ಮಾತ್ರೆ ಮಾರುವುದು ಇವು ಕಂಡರೆ ಮಗುವನ್ನು ಅಲ್ಲಿಂದ ಬಿಡಿಸಿ. ಹೆಣ್ಣುಮಕ್ಕಳ ಮುಟ್ಟು ಶುರುವಾಗಿ ಮೂರು ತಿಂಗಳಾದರೂ ಮತ್ತೆ ಬರದಿದ್ದರೆ, ಮಗು ಕಾರಣವಿಲ್ಲದೆ ಸುಸ್ತಾಗುತ್ತಿದ್ದರೆ ವೈದ್ಯರನ್ನು ಕಾಣಿ. ಕಬ್ಬಿಣದ ಅಂಶದ ಕೊರತೆ ಓಡುವ ಹುಡುಗಿಯರಲ್ಲಿ ಸಾಮಾನ್ಯ. ನಿದ್ದೆಯೂ ಅಷ್ಟೇ ಮುಖ್ಯ: 12ರವರೆಗೆ ದಿನಕ್ಕೆ 9ರಿಂದ 12 ಗಂಟೆ, 13 ದಾಟಿದವರಿಗೆ 8ರಿಂದ 10 ಗಂಟೆ. ಬೆಳಗಿನ ಅಭ್ಯಾಸ ಈ ನಿದ್ದೆಯನ್ನು ಕದಿಯುವಂತಿದ್ದರೆ ಸಂಜೆಯ ತಂಡ ಹುಡುಕಿ.

ಹೆಜ್ಜೆ 11: ಹಣದ ಮಾತು ಬರಹದಲ್ಲಿರಲಿ

ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಬೇಡಿ, ತಿಂಗಳಿಗೋ ಅವಧಿಗೋ ಕಟ್ಟಿ. ಮಗು ಗಾಯಗೊಂಡರೆ ಏನು, ಕೂಟದ ಪ್ರವೇಶಧನ, ಪ್ರಯಾಣ, ಸಮವಸ್ತ್ರ ಬೇರೆಯೇ ಎಂಬುದೆಲ್ಲ ಬರಹದಲ್ಲಿರಲಿ. ದುಬಾರಿ ಕೋಚ್ ಒಳ್ಳೆಯ ಕೋಚ್ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪದಕ ಖಾತ್ರಿ, ವಿದ್ಯಾರ್ಥಿವೇತನ ಖಾತ್ರಿ ಎಂದು ಯಾರಾದರೂ ಮಾತು ಕೊಟ್ಟರೆ ನಮಸ್ಕಾರ ಹೇಳಿ ಬನ್ನಿ.

ಹೆಜ್ಜೆ 12: ಮೊದಲ ಎಂಟು ವಾರ

ಸೇರಿಸಿದ ಮೇಲೂ ಇದನ್ನು ಪರೀಕ್ಷಾ ಅವಧಿ ಎಂದೇ ತಿಳಿಯಿರಿ, ಕೋಚ್‌ಗೂ ಹಾಗೆಂದು ಹೇಳಿ. ಈ ವಾರಗಳಲ್ಲಿ ಸ್ಟಾಪ್‌ವಾಚ್ ನೋಡಬೇಡಿ, ಎಂಟು ವಾರದಲ್ಲಿ ಸಮಯ ಹೇಳುವುದು ಕಡಿಮೆ. ಅಭ್ಯಾಸದ ದಿನ ಮಗು ತಾನಾಗಿ ಶೂ ಹುಡುಕುತ್ತದೆಯೇ? ಹಿಂದಿರುಗಿ ಬಂದು ಗೆಳೆಯರ ಹೆಸರು ಹೇಳುತ್ತದೆಯೇ? ಮರುದಿನ ಮೆಟ್ಟಿಲಿಳಿಯಲು ಕಷ್ಟಪಡುತ್ತದೆಯೇ? ಎರಡು ಕಾಲಿನಲ್ಲೂ ಸಮವಾಗಿ ಬಂದು ಒಂದೆರಡು ದಿನದಲ್ಲಿ ಹೋಗುವ ಸ್ನಾಯುನೋವು ಸಹಜ. ಎಲುಬಿನ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವ ನೋವು, ರಾತ್ರಿ ಎಬ್ಬಿಸುವ ನೋವು, ಓಟದ ಹೆಜ್ಜೆಯನ್ನೇ ಬದಲಿಸುವ ನೋವು ಸಹಜವಲ್ಲ. ಇವು ಕಂಡರೆ ಅಭ್ಯಾಸ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಕೋಚ್‌ಗೆ ತಿಳಿಸಿ, ಅವರ ಪ್ರತಿಕ್ರಿಯೆಯನ್ನೂ ಗಮನಿಸಿ.

ಪೋಷಕರಿಗೂ ಇಲ್ಲಿ ಒಂದು ಶಿಸ್ತು ಬೇಕು. ಅಂಚಿನಿಂದ ಕೂಗಿ ತಿದ್ದಬೇಡಿ, ಮಗು ಇಬ್ಬರ ಮಾತನ್ನು ಒಟ್ಟಿಗೆ ಕೇಳಲಾರದು. ಮನೆಯಲ್ಲಿ ಗುಟ್ಟಾಗಿ ಹೆಚ್ಚುವರಿ ಸುತ್ತು ಓಡಿಸಬೇಡಿ. ಕೋಚ್ ಲೆಕ್ಕ ಹಾಕಿ ಕೊಟ್ಟ ವಿಶ್ರಾಂತಿ ಅದರಿಂದ ಹಾಳಾಗುತ್ತದೆ. ಕೂಟದಿಂದ ಹಿಂದಿರುಗುವ ದಾರಿಯಲ್ಲಿ ಸಮಯದ ವಿಶ್ಲೇಷಣೆ ಬೇಡ. ಮಗು ತಾನಾಗಿ ಮಾತೆತ್ತಿದರೆ ಕೇಳಿಸಿಕೊಳ್ಳಿ.

ಹೆಜ್ಜೆ 13: ಬಿಡಬೇಕಾಗಿ ಬಂದರೆ

ಬೈಗುಳ, ಹೊಡೆತ, ತೂಕದ ಒತ್ತಡ, ಸುರಕ್ಷತೆಯ ಉಲ್ಲಂಘನೆ ಇದ್ದರೆ ಚರ್ಚೆಯಿಲ್ಲ. ಅದೇ ದಿನ ಬಿಡಿಸಿ, ಸಂಬಂಧಪಟ್ಟವರಿಗೆ ದೂರು ಕೊಡಿ. ಅಂಥದ್ದೇನಿಲ್ಲದೆ ಮಗು ಬರೀ ಮಂಕಾಗಿದ್ದರೆ ಮೊದಲು ಕೋಚ್‌ ಜೊತೆ ಮಾತಾಡಿ. ಗುಂಪು ಬದಲಿಸುವುದು, ಒಂದು ದಿನ ಕಡಿಮೆ ಮಾಡುವುದು, ಎರಡು ವಾರ ರಜೆ ಇಷ್ಟರಿಂದಲೇ ಸರಿಹೋಗುವ ಸಂದರ್ಭಗಳೇ ಹೆಚ್ಚು. ಆದರೂ ಸರಿಹೋಗದಿದ್ದರೆ ಅವಧಿ ಮುಗಿದ ಮೇಲೆ, ಕೃತಜ್ಞತೆ ಹೇಳಿ ಹೊರಬನ್ನಿ. ಮಗುವೇ ಕೋಚ್‌ಗೆ ವಿದಾಯ ಹೇಳುವಂತೆ ಮಾಡಿ, ಅದು ಕಲಿಯಬೇಕಾದ ನಡತೆ. ಹೊಸ ಕೋಚ್‌ ಬಳಿ ಹೋಗುವಾಗ ಕಳೆದ ಕೆಲವು ತಿಂಗಳು ಮಗು ಏನೇನು ಅಭ್ಯಾಸ ಮಾಡಿದೆ, ಎಲ್ಲಿ ನೋವಿತ್ತು, ಎಷ್ಟು ಎತ್ತರವಾಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಆ ಹಾಳೆಯನ್ನು ಅವರು ಓದುತ್ತಾರೋ, ಪಕ್ಕಕ್ಕಿಟ್ಟು "ಮೊದಲು ಒಂದು 400 ಓಡಿಸಿ ನೋಡೋಣ" ಎನ್ನುತ್ತಾರೋ ನೋಡಿ.